ಅರವತ್ತಾರರ ದವಡೆ

ಸೋಮವಾರ, ಜೂನ್ 3

ಪರೀಕ್ಷೆಯ ದಿನ ನನಗೆ ಜ್ವರ ಬಂದಿರಲಿಲ್ಲ. ಆರು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ. ಶಾಲೆಯ ಗೇಟಿನವರೆಗೆ ಹೋದೆ. ಒಳಗೆ ಎಲ್ಲರೂ ಪುಸ್ತಕವನ್ನು ಮೂಗಿಗೆ ಹಿಡಿದುಕೊಂಡು ತುಟಿ ಅಲ್ಲಾಡಿಸುತ್ತ ನಿಂತಿದ್ದರು. ನೋಡಿ ಮೈ ಉರಿಯಿತು. ಎದುರಿಗೆ ಬಂದ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸ್ಸು ಬಂದು, ಕಂಬಳಿ ಹೊದ್ದು ಮಲಗಿದೆ. ಮಿಕ್ಕದ್ದನ್ನೆಲ್ಲ ಅಮ್ಮನೇ ಕಟ್ಟಿದಳು. ಈಗ ಅವಳು ಆ ಜ್ವರದ ಕಥೆ ಹೇಳುವಾಗ ಎಷ್ಟು ಡಿಗ್ರಿ ಇತ್ತು, ಡಾಕ್ಟರು ಏನಂದರು, ಎಲ್ಲವೂ ಬರುತ್ತದೆ. ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವವಳು ಎಂದು ಹೆಸರು ಮಾಡಿರುವ ನಾನು ಆಗ ಮಾತ್ರ ಗೋಡೆ ನೋಡುತ್ತ ಕೂರುತ್ತೇನೆ.

ಇವತ್ತು ಯಾಕೆ ಇದನ್ನು ಬರೆಯುತ್ತಿದ್ದೇನೆ ಅಂದರೆ, ನಾನು ಕೆಲಸಕ್ಕೆ ಸೇರಿದ ಜಾಗದಲ್ಲಿ ಸತ್ತು ಎರಡು ಸಾವಿರ ವರ್ಷವಾದವರ ಹಲ್ಲು ನೋಡಿ, ಅವರಿಗೆ ಮೂರನೇ ವಯಸ್ಸಿನಲ್ಲಿ ಕಾಯಿಲೆಯಾಗಿತ್ತೋ ಇಲ್ಲವೋ ಹೇಳುತ್ತಾರಂತೆ. ಬದುಕಿರುವವಳ ಮುಖ ನೋಡಿ ಮನೆಯವರಿಗೇ ಗೊತ್ತಾಗಲಿಲ್ಲ. ಇವರ ದೊಡ್ಡಸ್ತಿಕೆ ಇಷ್ಟೇ.

ಕೆಲಸ ಕೊಡಿಸಿದ್ದು ಅಕ್ಕ; ಅಮ್ಮನ ಮನೆ ಬಿಟ್ಟು ಅವಳ ಜೊತೆ ಇರಲು ಬಂದಿದ್ದೇನೆ. ಊರಾಚೆ ಬಸ್ ಡಿಪೋ ಕಟ್ಟಲು ಪಾಯ ತೋಡಿದಾಗ ಹಳೆಯ ಕಾಲದ ಸಮಾಧಿಗಳು ಸಿಕ್ಕಿದವು, ನೂರ ಹನ್ನೆರಡು. ಒಂದೊಂದು ಸಮಾಧಿಯ ಮೂಳೆಗಳನ್ನು ಒಂದೊಂದು ರಟ್ಟಿನ ಡಬ್ಬದಲ್ಲಿ ತುಂಬಿ, ಹೊರಗೆ ನಂಬರ್ ಬರೆದು, ಅಕ್ಕನ ಸಂಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ ಜೋಡಿಸಿದ್ದಾರೆ. ಆ ಜನ ಎಲ್ಲಿಂದ ಬಂದರು, ಏನು ತಿಂದರು, ಹೇಗೆ ಬದುಕಿದರು ಎಂದು ಅಕ್ಕ ನಾಲ್ಕು ವರ್ಷದಿಂದ ಪ್ರಬಂಧ ಬರೆಯುತ್ತಿದ್ದಾಳೆ. ನಮ್ಮ ಪಕ್ಕದ ಮನೆಯವರು ಎಲ್ಲಿಂದ ಬಂದವರೆಂದು ಅವಳಿಗೆ ಗೊತ್ತಿಲ್ಲ. ಕೈಕಾಲು ಸೊಂಟದ ಮೂಳೆಗಳ ಕೆಲಸ ಮುಗಿದಿದೆ. ದವಡೆ, ಬುರುಡೆಗಳು ಇನ್ನೂ ಮಣ್ಣು ಮೆತ್ತಿಕೊಂಡು ಕೂತಿವೆ. ಅವನ್ನು ತೊಳೆಯಲು ಓದಿದವರು ಯಾರೂ ಸಿಗಲಿಲ್ಲವಂತೆ.

ಮೂರು ಕಡೆ ಕೆಲಸ ಬಿಟ್ಟಿದ್ದೇನೆ. ತಿಂಗಳು ತುಂಬಿದ ಮೇಲೆ ಇದನ್ನೂ ಬಿಡುತ್ತೇನೆ.


ಗುರುವಾರ, ಜೂನ್ 6

ಈ ಜಾಗದ ಭಾಷೆಯಲ್ಲಿ ಒಂದೇ ಪದವಿದೆ: ಇರಬಹುದು. ಅಕ್ಕ ಒಂದು ಸೊಂಟದ ಮೂಳೆ ಎತ್ತಿ ಹಿಡಿದು, 'ಹೆಂಗಸಿರಬಹುದು' ಅಂದಳು. ವಯಸ್ಸು? 'ಮೂವತ್ತೈದರಿಂದ ಐವತ್ತು ಇರಬಹುದು.' ಹದಿನೈದು ವರ್ಷ ಅತ್ತಿತ್ತ. ಬಸ್ಸಿನ ಕಂಡಕ್ಟರ್ ಹೀಗೆ ಮಾತಾಡಿದರೆ ಜನ ಬಿಡುತ್ತಾರೆಯೇ? ಈ ಬಸ್ಸು ನಿಮ್ಮೂರಿಗೆ ಹೋಗಬಹುದು, ಹತ್ತಿ.

ಬುರುಡೆ ಬಿಡುವುದು ಎಂಬ ಮಾತು ಇಂಥ ಕೋಣೆಯಲ್ಲೇ ಹುಟ್ಟಿದ್ದು.

ಇಲ್ಲಿನ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸಾರ್ ಅನ್ನುತ್ತಾರೆ. ಕನ್ನಡಕವನ್ನು ಹಣೆಗೇರಿಸಿಕೊಂಡು ಕನ್ನಡಕ ಹುಡುಕುತ್ತಾರೆ. ನನ್ನನ್ನು ನೋಡಿ 'ಏನಮ್ಮಾ, ಎಷ್ಟು ಓದಿದ್ದೀಯ?' ಅಂದರು. 'ಓದಿಲ್ಲ' ಅಂದೆ. 'ಒಳ್ಳೇದು, ಕೈ ಚೆನ್ನಾಗಿರುತ್ತೆ' ಅಂದು ಹೋದರು. ಹೊಗಳಿದರೋ ಉಗಿದರೋ ಗೊತ್ತಾಗದ ಹಾಗೆ ಮಾತಾಡಲು ಇವರಿಗೆ ಎಷ್ಟು ವರ್ಷ ಓದು ಬೇಕಾಯಿತೋ.

ಇನ್ನೊಬ್ಬ ಅಂಟಪ್ಪ. ಹೆಸರು ನಾನಿಟ್ಟದ್ದಲ್ಲ. ಮೂವತ್ತು ವರ್ಷದಿಂದ ಒಡೆದ ಮೂಳೆಗಳನ್ನು ಅಂಟು ಮೇಣ ಹಾಕಿ ಜೋಡಿಸುವವನು. ಬೆರಳುಗಳೇ ಒಂದಕ್ಕೊಂದು ಅಂಟಿಕೊಂಡ ಹಾಗಿವೆ.

'ಬಾ ತಾಯಿ' ಅಂದ. 'ಮೂಳೆ ನೋಡಿ ಹೆದರ್ತೀಯೇನು?'

'ಮೂಳೆಗೆ ಯಾಕೆ ಹೆದರಲಿ ಯಜಮಾನ್ರೇ? ಮಾಂಸ ಇರೋರಷ್ಟು ತೊಂದರೆ ಕೊಡಲ್ಲ.'

'ಇದರ ಬಾಯಿ ನೋಡು' ಅಂತ ಅಕ್ಕನ ಕಡೆ ತಿರುಗಿದ. ಅಕ್ಕ ತಲೆ ಎತ್ತಲಿಲ್ಲ. ಅವಳಿಗೆ ನನ್ನ ಬಾಯಿ ಹೊಸದಲ್ಲ.


ಬುಧವಾರ, ಜೂನ್ 12

ನನಗೆ ಕೆಳದವಡೆಗಳನ್ನು ಕೊಟ್ಟಿದ್ದಾರೆ. ಗಟ್ಟಿ ಮೂಳೆ, ಹೊಸಬರ ಕೈಯಲ್ಲಿ ಒಡೆಯುವುದಿಲ್ಲವಂತೆ. ಹಲ್ಲಿನ ಪರೀಕ್ಷೆಗೆ ಮೊದಲು ಬೇಕಾದವೂ ಅವೇ ಅಂತೆ. ಡಬ್ಬದಿಂದ ದವಡೆ ತೆಗೆದು, ಜರಡಿಯ ಮೇಲಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಸತ್ತವರ ಹಲ್ಲುಜ್ಜುವ ಕೆಲಸ. ಆಮೇಲೆ ಚೀಟಿಯ ಸಮೇತ ನೆರಳಿನಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಗದ್ದದ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಸಮಾಧಿಯ ನಂಬರನ್ನು ಇಂಕಿನಲ್ಲಿ ಬರೆದು ಚೀಟಿ ಎಸೆಯಬೇಕು. ಅಷ್ಟಾದರೆ ಅಕ್ಕ ಬಂದು ನಂಬರ್ ಓದಿ ಆಯಾ ಡಬ್ಬಕ್ಕೆ ಹಾಕುತ್ತಾಳೆ.

ಇವತ್ತು ಅಂಟಪ್ಪ ಹಿಂದೆ ಬಂದು ನಿಂತ.

'ಗೆರೆ ಎಲ್ಲಿ?'

'ಯಾವ ಗೆರೆ?'

'ಪ್ರತಿ ಅಂಕಿ ಕೆಳಗೂ ಒಂದು ಗೆರೆ ಎಳೀಬೇಕು ತಾಯಿ. ಕೂದಲೆಳೆ ಅಷ್ಟು ಸಾಕು. ಮೂಳೆ ಹೇಗೆ ಕೈಗೆ ಬಂತೋ ಹಾಗೆ ಓದ್ತಾರೆ. ಆರು ಯಾವುದು, ಒಂಬತ್ತು ಯಾವುದು ಅಂತ ಗೆರೆಯೇ ಹೇಳೋದು.'

ಇಷ್ಟೊಂದು ಓದಿದವರಿಗೆ ಆರು ಒಂಬತ್ತು ಗೊತ್ತಾಗಲು ನಾನು ಗೆರೆ ಎಳೆದು ಕೊಡಬೇಕು. 'ಆಗಲಿ' ಅಂದೆ. ಅವನು ಆಚೆ ಹೋದ ಮೇಲೆ ಎಳೆಯಲಿಲ್ಲ. ಎಳೆಯುತ್ತೇನೆಂದು ಹೇಳಿ ಎಳೆಯದಿರುವುದು ಸುಳ್ಳಾಗುತ್ತದೆಯೋ ಏನೋ. 'ಆಗಲಿ' ಅಂದರೆ 'ಕೇಳಿಸಿತು' ಅಂತಲೂ ಅರ್ಥವಿದೆ.


ಶುಕ್ರವಾರ, ಜೂನ್ 14

ಅರವತ್ತು ದವಡೆ ಮುಗಿದವು. ಎಲ್ಲವೂ ಒಂದೇ ಥರ. ಇವತ್ತು ಮಾತ್ರ ಒಂದರ ಮುಂದಿನ ಹಲ್ಲುಗಳಲ್ಲಿ ಹೆಬ್ಬೆರಳಿಗೆ ಏನೋ ಸಿಕ್ಕಿತು. ಎರಡು ಹಲ್ಲಿನ ನೆತ್ತಿಯಲ್ಲಿ ಓರೆಯಾಗಿ ಸಣ್ಣ ಕಚ್ಚು. ಬಟ್ಟೆ ಹೊಲಿಯುವ ಅಮ್ಮನ ಹಲ್ಲಿನಲ್ಲೂ ಇಂಥದ್ದೇ ಇದೆ. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುತ್ತಾಳೆ. ಅಕ್ಕನಿಗೆ ಹೇಳೋಣ ಅಂದುಕೊಂಡೆ. ಅವಳು ಫೋನಿನಲ್ಲಿದ್ದಳು. ಹೇಳಲಿಲ್ಲ. ನನಗೇನು.


ಬುಧವಾರ, ಜೂನ್ 19

ಅಕ್ಕ ಇವತ್ತು ಒಂದೇ ಸಲಕ್ಕೆ ಎಲ್ಲ ದವಡೆಗಳನ್ನೂ ಡಬ್ಬಕ್ಕೆ ಸೇರಿಸಿದಳು. ರಿಜಿಸ್ಟರಿನಲ್ಲಿ ಒಂದು ಕಾಲಂ ಇದೆ, 'ಗೆರೆ ನೋಡಿದೆ' ಎಂದು. ಮೇಲಿನಿಂದ ಕೆಳಗಿನವರೆಗೆ ಸರಸರ ಟಿಕ್ ಹಾಕಿದಳು, ಮಕ್ಕಳು ಗೋಡೆಯ ಮೇಲೆ ಕಡ್ಡಿ ಎಳೆದ ಹಾಗೆ. ನೋಡದೆಯೇ. ಅಷ್ಟು ಗಂಭೀರವಾಗಿ ಕಾಲಂ ಮಾಡಿಟ್ಟು, ಅಷ್ಟು ಬೇಜವಾಬ್ದಾರಿಯಿಂದ ತುಂಬುತ್ತಾರೆ. ನಾನು ಗೆರೆ ಎಳೆಯದಿದ್ದದ್ದೇ ಸರಿ.


ಬುಧವಾರ, ಜುಲೈ 24

ತಿಂಗಳು ತುಂಬಿ ಮೂರು ವಾರವಾಯಿತು. ಬಿಡುವುದು ಮರೆತುಹೋಗಿದೆ. ಬುರುಡೆಗಳ ಕೆಲಸ ನಡೆಯುತ್ತಿದೆ.

ಇವತ್ತು ಎಲ್ಲರೂ ಕುಣಿದರು. ನಲವತ್ತು ದವಡೆಗಳಿಂದ ಒಂದೊಂದು ಹಲ್ಲು ಕಿತ್ತು ಪರೀಕ್ಷೆಗೆ ಕಳಿಸಿದ್ದರು, ಫಲಿತಾಂಶ ಬಂತು. ಚಿಕ್ಕಂದಿನಲ್ಲಿ ಕುಡಿದ ನೀರಿನ ಗುರುತು ಹಲ್ಲಿನ ಹೊರಪದರದಲ್ಲಿ ಉಳಿದಿರುತ್ತದಂತೆ. ಊರೂರಿನ ನೀರು ಬೇರೆ, ಆದ್ದರಿಂದ ಯಾರು ಇಲ್ಲೇ ಬೆಳೆದವರು, ಯಾರು ಹೊರಗಿನವರು ಎಂದು ತಿಳಿಯುತ್ತದೆ. ನಲವತ್ತರಲ್ಲಿ ಐವರು ಹೊರಗಿನವರು. ಐವರಲ್ಲಿ ಒಬ್ಬ ಅರವತ್ತಾರು!

ಅರವತ್ತಾರು ಅಂದರೆ ನಮ್ಮ ಕೋಣೆಯ ರಾಜಕುಮಾರ. ಎಲ್ಲರಿಗಿಂತ ಉದ್ದದ ತೊಡೆಮೂಳೆ, ಪಕ್ಕದಲ್ಲಿ ಕಬ್ಬಿಣದ ಭರ್ಜಿ, ಸ್ಮಶಾನದ ನಟ್ಟನಡುವೆ ಜಾಗ. ಬುರುಡೆ ಮಾತ್ರ ಮಣ್ಣಿನ ಭಾರಕ್ಕೆ ಅಪ್ಪಚ್ಚಿ, ಮೇಲಿನ ಹಲ್ಲು ಒಂದೂ ಇಲ್ಲ. ದವಡೆ ಕೂರಿಸಲು ಅಂಟಪ್ಪ ಅರ್ಧ ಸೇರು ಮೇಣ ತುಂಬಿದ್ದಾನೆ. 'ಬಾಗಿದೆ, ಸರಿಯಾಗಿ ಕೂರಲ್ಲ' ಅಂತ ಎರಡು ದಿನ ಗೊಣಗಿದ.

ದೊಡ್ಡ ಸಾರ್ ಬಿಳಿ ಹಲಗೆಯ ಮೇಲೆ ಬರೆದರು: ದೂರದಿಂದ ಬಂದ ನಾಯಕ. ಅಕ್ಕನ ಪ್ರಬಂಧದ ನಾಲ್ಕನೇ ಅಧ್ಯಾಯಕ್ಕೆ ಇದೇ ತಲೆಬರಹವಂತೆ. ನಾನು ಹಲಗೆಯನ್ನು ನೋಡುತ್ತಲೇ ನಿಂತಿದ್ದೆ. ಒಂದೂವರೆ ತಿಂಗಳಿಂದ ನನ್ನ ಕಿವಿ ತಿಂದಿದ್ದ 'ಇರಬಹುದು' ಎಲ್ಲಿ ಹೋಯಿತು?

ಅಕ್ಕನನ್ನು ಕೇಳಿದೆ.

'ಸುಮ್ನಿರೇ' ಅಂದಳು. ನಗುತ್ತಿದ್ದಳು. ಅವಳು ನಕ್ಕಿದ್ದು ನೋಡಿ ಎಷ್ಟೋ ದಿನವಾಗಿತ್ತು. ಸೆಪ್ಟೆಂಬರ್ ಮೂವತ್ತಕ್ಕೆ ಪ್ರಬಂಧ ಒಪ್ಪಿಸಬೇಕು. ಒಪ್ಪಿಸಿದರೆ ದೂರದ ಒಂದು ಕಾಲೇಜಿನಲ್ಲಿ ಅವಳಿಗೆ ಕೆಲಸ ಕಾದಿದೆ.


ಗುರುವಾರ, ಆಗಸ್ಟ್ 8

ಪತ್ರಿಕೆಯಲ್ಲಿ ಅರವತ್ತಾರರ ಫೋಟೋ. ಪಕ್ಕದಲ್ಲಿ ದೊಡ್ಡ ಸಾರ್, ಬುರುಡೆಯ ಹೆಗಲಿಗೆ ಕೈ ಹಾಕಲು ಜಾಗ ಹುಡುಕುತ್ತಿರುವ ಹಾಗೆ. ಬುರುಡೆಯೇ ಚೆನ್ನಾಗಿ ಬಂದಿದೆ. ಅಮ್ಮ ಫೋನ್ ಮಾಡಿ, 'ಆ ಹಲ್ಲು ನೀನೇ ಉಜ್ಜಿದ್ದಾ? ಎಷ್ಟು ಬೆಳ್ಳಗಿದೆ!' ಅಂದಳು. ನನ್ನ ಬದುಕಿನಲ್ಲಿ ಅಮ್ಮನಿಗೆ ಹೆಮ್ಮೆ ತಂದ ಮೊದಲ ವಸ್ತು.


ಮಂಗಳವಾರ, ಆಗಸ್ಟ್ 20

ಇವತ್ತು ಬಸ್ಸಿನಲ್ಲಿ ಒಬ್ಬ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಎಡಗಡೆಯ ಹಲ್ಲು ಬಲಗಡೆಗಿಂತ ಜಾಸ್ತಿ ಸವೆದಿವೆ. ಬಲಗಡೆ ನೋವಿದ್ದು ಎಡಗಡೆಯೇ ಅಗಿಯುತ್ತಿದ್ದನೇನೋ. ನಲವತ್ತರಿಂದ ನಲವತ್ತೆಂಟು. ಕೆಳಗಿಳಿಯುವಾಗ ಅವನ ಹೆಂಡತಿ ಗದರಿಸಿ ಎಬ್ಬಿಸಿದಳು. ದಡ್ಡ.


ಸೋಮವಾರ, ಸೆಪ್ಟೆಂಬರ್ 9

ಉಳಿದದ್ದು ನಾಲ್ಕೇ ಬುರುಡೆ. ಯಾರಿಗೂ ಬೇಡವಾಗಿ ಕೊನೆಗೆ ತಳ್ಳಿದ್ದವು. ಇವತ್ತು ತೊಂಬತ್ತೊಂಬತ್ತನ್ನು ತೆಗೆದೆ. ಸ್ಮಶಾನದ ಮೂಲೆಯ ಸಮಾಧಿ, ಸಣ್ಣ ಆಳು, ಪಕ್ಕದಲ್ಲಿ ಒಂದು ಒಡಕು ಮಡಕೆ, ಅಷ್ಟೇ. ಹೆಂಗಸು, ಇಪ್ಪತ್ತರಿಂದ ಇಪ್ಪತ್ತೈದು. ಮಣ್ಣನ್ನು ಬಿದಿರು ಕಡ್ಡಿಯಿಂದ ಮೆಲ್ಲಗೆ ಬಿಡಿಸಿದೆ. ಮೇಲಿನ ಹಲ್ಲುಗಳೆಲ್ಲ ಇದ್ದವು. ಬ್ರಷ್ ಆಡಿಸುವಾಗ ಮುಂದಿನ ಹಲ್ಲಿನಲ್ಲಿ ಹೆಬ್ಬೆರಳಿಗೆ ಕಚ್ಚು ಸಿಕ್ಕಿತು. ಓರೆಯಾದ ಕಚ್ಚು.

ಡಬ್ಬದಲ್ಲಿದ್ದ ದವಡೆ ತೆಗೆದು ನೋಡಿದೆ. ದೊಡ್ಡದು, ಅಗಲವಾದದ್ದು. ಮುಂದಿನ ಹಲ್ಲುಗಳಲ್ಲಿ ಕಚ್ಚಿಲ್ಲ. ಬುರುಡೆಗೆ ಹಿಡಿದೆ, ಎರಡೂ ಕಡೆ ಹೊರಗೆ ಚಾಚಿತು. ಅಪ್ಪನ ಚಪ್ಪಲಿ ಹಾಕಿಕೊಂಡ ಮಗುವಿನ ಹಾಗೆ.

ಗದ್ದದ ಅಡಿ ನೋಡಿದೆ. ನನ್ನದೇ ಅಕ್ಷರ, 99. ತಿರುಗಿಸಿದೆ. 66. ಕೆಳಗೆ ಗೆರೆ ಇಲ್ಲ. ಮೇಲೂ ಇಲ್ಲ.

ಊಟಕ್ಕೆ ಎಲ್ಲರೂ ಹೋದಾಗ ರಾಜಕುಮಾರನನ್ನು ಇಟ್ಟಿರುವ ಗಾಜಿನ ಪೆಟ್ಟಿಗೆ ತೆರೆದು ಅವನ ದವಡೆಯ ಮೇಲೆ ಹೆಬ್ಬೆರಳು ಆಡಿಸಿದೆ. ಎರಡು ಹಲ್ಲು. ಎರಡು ಕಚ್ಚು.

ಪತ್ರಿಕೆಯ ಫೋಟೋದಲ್ಲಿರುವುದು ಅವಳ ಬಾಯಿ. ಹೊರಗಿನಿಂದ ಬಂದವಳು ಅವಳು. ಭರ್ಜಿ ಹಿಡಿದು ನಡುವೆ ಮಲಗಿದ್ದ ಆ ದೊಡ್ಡ ಮನುಷ್ಯ ಎಲ್ಲಿ ಹುಟ್ಟಿದನೋ, ಯಾರಿಗೂ ಗೊತ್ತಿಲ್ಲ. ಅವನ ಹಲ್ಲನ್ನು ಯಾರೂ ಕಿತ್ತೇ ಇಲ್ಲ.

ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂದೆ ನಂಬರುಗಳನ್ನು ಬರೆದು ತಿರುಗಿಸಿ ತಿರುಗಿಸಿ ನೋಡಿದೆ. ತಲೆಕೆಳಗಾದರೂ ನಂಬರಾಗಿ ಓದಿಸಿಕೊಂಡು ಇನ್ನೊಂದಾಗುವ ಜೋಡಿಗಳು ಏಳು. ಹದಿನಾಲ್ಕು ದವಡೆ. ಮೊದಲನೆಯದನ್ನು ತಪ್ಪು ಓದಿ ಡಬ್ಬಕ್ಕೆ ಹಾಕಿದರೆ ಮುಗಿಯಿತು, ಜೊತೆಯದಕ್ಕೆ ಉಳಿಯುವುದು ಒಂದೇ ಡಬ್ಬ. ಸರಿ ಹೊಂದಿಕೊಂಡಂತೆಯೇ ಕಾಣುತ್ತದೆ.

ಆರು ಒಂಬತ್ತು ಗೊತ್ತಾಗದವಳು ನಾನು.


ಮಂಗಳವಾರ, ಸೆಪ್ಟೆಂಬರ್ 10

ಅಕ್ಕನಿಗೆ ಹೇಳಿದೆ. ಸಂಜೆ, ಬಟ್ಟೆ ಒಣಹಾಕುತ್ತಿದ್ದಳು. ಹೇಳಿ ಮುಗಿಸುವವರೆಗೂ ಒಂದೇ ಟವೆಲ್ಲನ್ನು ಹಿಂಡುತ್ತಿದ್ದಳು.

'ಬಾಯಿ ಬಿಟ್ಟೆಯಾ ಯಾರ ಹತ್ರಾನಾದ್ರೂ?'

'ಇಲ್ಲ. ನಾಳೆ ದೊಡ್ಡ ಸಾರ್‌ಗೆ ಹೇಳ್ತೀನಿ.'

'ಇಪ್ಪತ್ತು ದಿನ ಕಣೇ. ಬರೀ ಇಪ್ಪತ್ತು ದಿನ. ಮೂವತ್ತಕ್ಕೆ ಒಪ್ಪಿಸಿಬಿಡ್ತೀನಿ. ಆಮೇಲೆ ನಾನೇ ಹೇಳ್ತೀನಿ, ಹೊಸದಾಗಿ ಗೊತ್ತಾಯ್ತು ಅಂತ. ಇದೆಲ್ಲ ಆಗುತ್ತೆ, ತಿದ್ದುಪಡಿ ಅಂತ ಹಾಕ್ತಾರೆ.'

'ಗೊತ್ತಿದ್ದೂ ಸುಳ್ಳು ಒಪ್ಪಿಸ್ತೀಯಾ?'

'ಸತ್ತು ಎರಡು ಸಾವಿರ ವರ್ಷ ಆಗಿದೆ. ಇನ್ನು ಇಪ್ಪತ್ತು ದಿನ ಬೇರೆಯವರ ದವಡೆ ಇಟ್ಕೊಂಡ್ರೆ ಅವಳಿಗೆ ನೋಯುತ್ತೇನೇ?'

ಅವಳಿಗೆ ನೋಯುವುದಿಲ್ಲ, ನಿಜ. ಆದರೂ ಆಗುವುದಿಲ್ಲ ಅಂದೆ.

ಅಕ್ಕ ಟವೆಲ್ ಕೆಳಗೆ ಹಾಕಿದಳು. 'ನಿನಗೇನು, ಇಷ್ಟ ಬಂದಾಗ ಎದ್ದು ಹೋಗೋಳು. ಪರೀಕ್ಷೆ ದಿನಾನೂ ಹೋದೆ. ಜ್ವರ ಇರಲಿಲ್ಲ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಅಮ್ಮ ಅಳ್ತಾ ಕೂತಾಗ ಥರ್ಮಾಮೀಟರ್ ಇಟ್ಟೋಳು ನಾನು. ಬಿಸಿನೀರಲ್ಲಿ ಅದ್ದಿ ಅಮ್ಮನಿಗೆ ತೋರಿಸಿದೋಳೂ ನಾನೇ. ಇಷ್ಟು ವರ್ಷ ಒಂದು ಮಾತು ಆಡಿದ್ದೀನಾ?'

ಆಡಿಲ್ಲ. ನಾನು ಇಷ್ಟು ವರ್ಷ ಅವಳನ್ನು ಪುಸ್ತಕ ಬಿಟ್ಟರೆ ಬೇರೇನೂ ಗೊತ್ತಿಲ್ಲದವಳು ಎಂದುಕೊಂಡಿದ್ದೆ.

'ನಿನಗೋಸ್ಕರ ಒಂದು ಸುಳ್ಳು ಇಟ್ಕೊಂಡೆ' ಅಂದಳು. 'ನೀನೂ ನನಗೋಸ್ಕರ ಇಪ್ಪತ್ತು ದಿನ ಇಟ್ಕೋ.'


ಬುಧವಾರ, ಸೆಪ್ಟೆಂಬರ್ 11

ಹೇಳಲಿಲ್ಲ. ದೊಡ್ಡ ಸಾರ್ ಇದ್ದರು, ಬಾಗಿಲೂ ತೆರೆದಿತ್ತು. ನೂರ ಹತ್ತನೆಯ ಬುರುಡೆ ತೊಳೆದೆ.


ಗುರುವಾರ, ಸೆಪ್ಟೆಂಬರ್ 12

ಹೇಳಿದೆ.

ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಅಕ್ಕನಿಗೆ, 'ಇವತ್ತು ಹೇಳ್ತೀನಿ' ಅಂದೆ. ಬೆನ್ನ ಹಿಂದೆ ಮಾಡಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಅವಳು ಮುಂದೆ ಕೂತಳು, ನಾನು ಹಿಂದೆ.

ದೊಡ್ಡ ಸಾರ್ ಎಲ್ಲ ಕೇಳಿಸಿಕೊಂಡರು. ಇವರು ಮುಚ್ಚಿಹಾಕುತ್ತಾರೆ, ನನ್ನನ್ನು ಗದರಿಸಿ ಕಳಿಸುತ್ತಾರೆ, ಆಗ ಅವರಿಗೆ ಏನೇನು ಉಗಿಯಬೇಕೆಂದು ಬಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಅವರು ಅಂಟಪ್ಪನನ್ನು ಕರೆದು, 'ಅರವತ್ತಾರರ ಮೇಣ ಬಿಡಿಸು' ಅಂದರು. ಅಷ್ಟೇ.

ಅಂಟಪ್ಪ ಬಿಸಿ ತಂತಿಯಿಂದ ಮೇಣ ಕರಗಿಸಿದ. ಅರ್ಧ ಗಂಟೆ ಹಿಡಿಯಿತು. ಗಾಜಿನ ಪೆಟ್ಟಿಗೆಯಿಂದ ದವಡೆ ಹೊರಬಂತು. ಅದನ್ನು ತೊಂಬತ್ತೊಂಬತ್ತರ ಬುರುಡೆಯ ಕೆಳಗೆ ತಂದು, ಎರಡೂ ಕೈಯಿಂದ ಹಿಡಿದು, ಮೆಲ್ಲಗೆ ಮೇಲೆತ್ತಿದ. ಟಕ್ ಅಂತ ಕೂತಿತು. ಕಚ್ಚಿಗೆ ಕಚ್ಚು ಸೇರಿ ನಡುವೆ ಒಂದು ಸಣ್ಣ ತೂತು ಕಂಡಿತು, ದಾರ ಎಳೆಯುವಷ್ಟು.

'ಬಾಯಿ ಮುಚ್ಚಿಕೊಂಡಳು ನೋಡಿ' ಅಂದ ಅಂಟಪ್ಪ. ಯಾರೂ ನಗಲಿಲ್ಲ. 'ನನ್ನ ಕೈಗೆ ಎರಡು ದಿನ ಹೇಳಿತ್ತು ಸಾರ್, ಕೂರಲ್ಲ ಅಂತ. ಮಣ್ಣಿನ ಮೇಲೆ ತಪ್ಪು ಹಾಕಿದೆ.'

ದೊಡ್ಡ ಸಾರ್ ಕನ್ನಡಕ ಇಳಿಸಿ ಗದ್ದದ ಅಡಿ ನೋಡಿದರು.

'ಗೆರೆ ಎಲ್ಲಮ್ಮಾ?'

'ನಾನು ಎಳೀಲಿಲ್ಲ. ಹೇಳಿದ್ದರು. ಬೇಕಂತಲೇ ಎಳೀಲಿಲ್ಲ.'

'ಎಳೆದಿದೆ ಅಂತ ರಿಜಿಸ್ಟರಿನಲ್ಲಿ ಟಿಕ್ ಇದೆಯಲ್ಲ. ಹಾಕಿದ್ದು ಯಾರು?'

ನೇರವಾಗಿ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. ಅದು ನನ್ನ ದೊಡ್ಡ ಹೆಮ್ಮೆ. ಇವತ್ತು ಮಾತ್ರ ಗೋಡೆ ನೋಡಿದೆ. ಅಷ್ಟರಲ್ಲಿ ಕಿಟಕಿಯ ಹತ್ತಿರ ನಿಂತಿದ್ದ ಅಕ್ಕ ಅಂದಳು:

'ನಾನು ಸಾರ್. ನೋಡದೇ ಹಾಕಿದೆ. ಮಂಗಳವಾರವೇ ಇವಳು ಹೇಳಿದಳು, ಇಪ್ಪತ್ತು ದಿನ ಸುಮ್ಮನಿರು ಅಂದವಳೂ ನಾನೇ.'

ಆ ಎರಡನೆಯ ಮಾತನ್ನು ಹೇಳೆಂದು ಯಾರೂ ಕೇಳಿರಲಿಲ್ಲ.


ಶುಕ್ರವಾರ, ಸೆಪ್ಟೆಂಬರ್ 13

ದೊಡ್ಡ ಸಾರ್ ಬೆಳಿಗ್ಗೆ ಬಂದವರೇ ಅರವತ್ತಾರರ ಬಗ್ಗೆ ಪ್ರಕಟಣೆಗೆ ಕಳಿಸಿದ್ದ ತಮ್ಮ ಲೇಖನ ವಾಪಸ್ಸು ಪಡೆಯಲು ಕಾಗದ ಬರೆದರು. ತಪ್ಪಾಗಿದೆಯೆಂದು ಫೋಟೋ ಹಾಕಿದ್ದ ಪತ್ರಿಕೆಗೂ ಬರೆದರು. ಆಮೇಲೆ ಬಿಳಿ ಹಲಗೆಯನ್ನು ಸ್ವಂತ ಕರ್ಚೀಫಿನಿಂದ ಒರೆಸಿದರು. ನನಗೆ ಅವರನ್ನು ಹೀಯಾಳಿಸಲು ಒಂದು ಅವಕಾಶವನ್ನೂ ಕೊಡಲಿಲ್ಲ. ಕರ್ಚೀಫು ಮಾತ್ರ ಹಾಳಾಯಿತು.

ಅಕ್ಕನ ಪ್ರಬಂಧ ಮುಂದಕ್ಕೆ ಹೋಯಿತು. ಒಂದು ವರ್ಷ. ಕಾಲೇಜಿನವರು ಅಷ್ಟು ಕಾಯುವುದಿಲ್ಲ ಅಂದರಂತೆ.

ನನ್ನನ್ನು ಕರೆದು, 'ಗೊತ್ತಿಲ್ಲದೆ ಮಾಡಿದ್ದರೆ ಕಲಿಸಬಹುದಿತ್ತು. ಬೇಕಂತ ಮಾಡಿದ್ದೀಯ. ಇಲ್ಲಿ ಇಟ್ಟುಕೊಳ್ಳೋಕೆ ಆಗಲ್ಲಮ್ಮಾ' ಅಂದರು ದೊಡ್ಡ ಸಾರ್.

'ಸರಿ ಸಾರ್. ಆ ಹದಿನಾಲ್ಕು ದವಡೆಯನ್ನು ಬುರುಡೆಗೆ ಹಿಡಿದು ನೋಡಿ ಹೋಗಲಾ?'

'ಯಾವ ಹದಿನಾಲ್ಕು?'

ಟಿಕೆಟ್ ತೋರಿಸಿದೆ. ಬಹಳ ಹೊತ್ತು ನೋಡಿದರು. ತಾವೂ ಒಂದು ಚೀಟಿಯಲ್ಲಿ ಬರೆದು ತಿರುಗಿಸಿ ನೋಡಿದರು.

'ಹದಿನಾಲ್ಕಲ್ಲ. ನೂರ ಹನ್ನೆರಡನ್ನೂ ನೋಡು. ಗೆರೆ ಎಳೆಯದವಳು ಇನ್ನೇನೇನು ಮಾಡಿದ್ದೀಯೋ.'

'ಇನ್ನೇನೂ ಮಾಡಿಲ್ಲ.'

'ಇರಬಹುದು' ಅಂದರು.

ಎರಡು ವಾರ ಕೊಟ್ಟಿದ್ದಾರೆ. ಅಂಟಪ್ಪ ಪಕ್ಕದಲ್ಲಿರಬೇಕು, ನನ್ನ ಕೆಲಸವನ್ನು ಅಕ್ಕ ಪರಿಶೀಲಿಸಿ ಸಹಿ ಹಾಕಬೇಕು. ನಿನ್ನೆಯಿಂದ ಅಕ್ಕ ನನ್ನ ಜೊತೆ ಮಾತಾಡಿಲ್ಲ.


ಬುಧವಾರ, ಸೆಪ್ಟೆಂಬರ್ 18

ದಿನಕ್ಕೆ ಹತ್ತು ಡಬ್ಬ. ಬುರುಡೆ, ದವಡೆ, ಕೀಲು ಕೂರುತ್ತದೆಯೇ, ಮೇಲಿನ ಸವೆತಕ್ಕೂ ಕೆಳಗಿನ ಸವೆತಕ್ಕೂ ಹೊಂದುತ್ತದೆಯೇ, ಗದ್ದದ ಅಡಿಯ ಗೆರೆ. ಆಮೇಲೆ ಅಕ್ಕನ ಮೇಜಿಗೆ.

'ನಲವತ್ಮೂರು?'

'ಸರಿ ಇದೆ.'

'ನಲವತ್ನಾಲ್ಕು?'

'ಬಲಗಡೆ ಕೀಲು ಮುರಿದಿದೆ. ಸವೆತ ಹೊಂದುತ್ತೆ. ಅದೇ ಇರಬಹುದು.'

'ಇರಬಹುದು ಅಂತ ಬರೆದಿದ್ದೀಯಾ?'

'ಹೂಂ.'

ಮನೆಯಲ್ಲಿ ಇಷ್ಟೂ ಇಲ್ಲ. ಅಕ್ಕ ಊಟ ಬಡಿಸಿಟ್ಟು ಒಳಗೆ ಹೋಗುತ್ತಾಳೆ. ಬೆಳಿಗ್ಗೆ ಏಳಲು ಮನಸ್ಸಾಗುವುದು ಆ ಮೇಜಿನ ಹತ್ತಿರ ನಂಬರ್ ಕೇಳುತ್ತಾಳಲ್ಲ ಎಂದು. ನಂಬರಿಗೇನು, ಯಾರ ಬಾಯಿಂದ ಬಂದರೂ ನಂಬರೇ.


ಬುಧವಾರ, ಸೆಪ್ಟೆಂಬರ್ 25

ಅದಲುಬದಲಾಗಿದ್ದು ಒಟ್ಟು ಮೂರು ಜೋಡಿ. ಅರವತ್ತಾರು-ತೊಂಬತ್ತೊಂಬತ್ತು, ಹದಿನೆಂಟು-ಎಂಬತ್ತೊಂದು, ಆರು-ಒಂಬತ್ತು. ಉಳಿದ ನಾಲ್ಕು ಜೋಡಿಗಳಲ್ಲಿ ಅದೃಷ್ಟ ಕಾಪಾಡಿದೆ. ನನ್ನ ಕೆಲಸವಲ್ಲ, ಅದೃಷ್ಟ.

ನಿಜವಾದ ಅರವತ್ತಾರರ ಹಲ್ಲು ಕಿತ್ತು ಕಳಿಸಿದರು. ನಾನೇ ಹಿಡಿದುಕೊಂಡಿದ್ದೆ. ಅವನು ಇಲ್ಲೇ ಬೆಳೆದವನೋ ಅಲ್ಲವೋ ತಿಳಿಯುವ ಹೊತ್ತಿಗೆ ನಾನಿರುವುದಿಲ್ಲ.

ಮಧ್ಯಾಹ್ನ ಅಕ್ಕ ಹಳೆಯ ಪಟ್ಟಿ ತೆಗೆದು ಬಹಳ ಹೊತ್ತು ಕೂತಿದ್ದಳು. ಆಮೇಲೆ ಗಟ್ಟಿಯಾಗಿ, ಯಾರಿಗೆಂದು ಹೇಳದೆ, ಅಂದಳು: 'ಹೊರಗಿನವರು ಐದು ಜನ. ಐದೂ ಹೆಂಗಸರು.'

ಅಂಟಪ್ಪ ತಲೆ ಎತ್ತಿದ. 'ಹಾಗಾದ್ರೆ ಗಂಡಸರು?'

'ಪರೀಕ್ಷೆ ಆದೋರೆಲ್ಲ ಇಲ್ಲೇ ಹುಟ್ಟಿ ಇಲ್ಲೇ ಕೂತೋರು.'

'ಭರ್ಜಿ ಹಿಡ್ಕೊಂಡಾ?'

'ಭರ್ಜಿ ಹಿಡ್ಕೊಂಡು.'

ಅಂಟಪ್ಪ ಮೇಣದ ಡಬ್ಬಿ ಕೆಳಗಿಟ್ಟು ನಕ್ಕ. ನಾನು ನಗಲಿಲ್ಲ. 'ಐದು ಸಾಕಾಗಲ್ಲ' ಅಂದೆ. 'ಉಳಿದ ಎಪ್ಪತ್ತೊಂದರ ಹಲ್ಲೂ ಕಳಿಸಬೇಕು. ಅಲ್ಲಿಯವರೆಗೆ ಗಟ್ಟಿಯಾಗಿ ಹೇಳೋಕಾಗಲ್ಲ.'

ಅಕ್ಕ ನನ್ನನ್ನು ನೋಡಿದಳು. ಹದಿಮೂರು ದಿನಗಳಲ್ಲಿ ಮೊದಲ ಸಲ ನಂಬರಿಲ್ಲದೆ ನೋಡಿದಳು.

'ಅದನ್ನೇ ಬರೀತಿದ್ದೀನಿ' ಅಂದಳು.


ಶುಕ್ರವಾರ, ಸೆಪ್ಟೆಂಬರ್ 27

ನೂರ ಹನ್ನೆರಡು ಮುಗಿಯಿತು. ತೊಂಬತ್ತೊಂಬತ್ತನ್ನು ಕೊನೆಗೆ ಉಳಿಸಿಕೊಂಡಿದ್ದೆ. ಹಲ್ಲುಗಳ ಮೇಲೆ ಅಡ್ಡಡ್ಡ ಎರಡು ತೆಳು ಪಟ್ಟೆಗಳಿವೆ. ಒಂದು ಸುಮಾರು ಮೂರನೇ ವಯಸ್ಸಿನದು, ಇನ್ನೊಂದು ಐದರದು. ಹಸಿವಿರಬಹುದು, ಕಾಯಿಲೆಯಿರಬಹುದು. ಆಮೇಲೆ ಬೆಳೆದು, ಎಲ್ಲಿಂದಲೋ ಇಲ್ಲಿಗೆ ಬಂದು, ದಾರವನ್ನೋ ನಾರನ್ನೋ ಹಲ್ಲಿನಲ್ಲಿ ಎಳೆಯುತ್ತ ಕೂತಿದ್ದಾಳೆ. ಯಾರು ಕರೆತಂದರೋ, ತಾನೇ ಬಂದಳೋ, ಮೂಳೆ ಹೇಳುವುದಿಲ್ಲ. ಮೃದುವಾದ ಕಾಗದದಲ್ಲಿ ಸುತ್ತಿ ಇಟ್ಟೆ. ದವಡೆಯನ್ನು ಬುರುಡೆಯ ಪಕ್ಕದಲ್ಲೇ ಇಟ್ಟೆ.

ರಿಜಿಸ್ಟರ್ ತೆಗೆದುಕೊಂಡು ಹೋದೆ. ಅಕ್ಕ ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿ ಟಿಕ್ ಹಾಕಿದಳು. ಮೂರು ಗಂಟೆ ಹಿಡಿಯಿತು. ನಾನು ನಿಂತೇ ಇದ್ದೆ, ಕೂರು ಅಂತ ಅವಳು ಅನ್ನಲಿಲ್ಲ. ಎಪ್ಪತ್ತೆಂಟರಲ್ಲಿ ಇಂಕು ಹರಡಿದೆ, ಮತ್ತೆ ಬರಿ ಅಂದಳು. ಬರೆದುಕೊಟ್ಟೆ.

ಕೊನೆಯಲ್ಲಿ ಸಹಿ ಹಾಕಿ, ತಲೆ ಎತ್ತದೆ ಕೇಳಿದಳು: 'ಅಮ್ಮನ ಮನೆಗೆ ಹೋಗಿ ಏನು ಮಾಡ್ತೀಯಾ?'

'ಗೊತ್ತಿಲ್ಲ.'

'ಎಪ್ಪತ್ತೊಂದು ಹಲ್ಲು ಕೀಳ್ಬೇಕು. ಇಲ್ಲಿ ಯಾರ ಕೈಯೂ ನೆಟ್ಟಗಿಲ್ಲ.'

'ದೊಡ್ಡ ಸಾರ್ ಬೇಡ ಅಂದಿದ್ದಾರೆ.'

'ಬೇಡ ಅಂದಿದ್ದಾರೆ' ಅಂತ ಒಪ್ಪಿಕೊಂಡಳು. 'ಸರಿಯಾಗೇ ಅಂದಿದ್ದಾರೆ. ನಾನಾಗಿದ್ದರೂ ಹಾಗೇ ಅಂತಿದ್ದೆ.'

ರಿಜಿಸ್ಟರ್ ಮುಚ್ಚಿದಳು. ನಾನು ಬ್ರಷ್ಷುಗಳನ್ನು ತೊಳೆದು ತಲೆಕೆಳಗಾಗಿ ನಿಲ್ಲಿಸಿ, ಜರಡಿ ಒರೆಸಿ, ಏಪ್ರನ್ ಮಡಚಿಟ್ಟೆ. ಅಂಟಪ್ಪ 'ಹೋಗಿ ಬಾ ತಾಯಿ' ಅಂದ. ಕೈ ಅಂಟಾಗಿದೆ ಅಂತ ಮೊಣಕೈ ಚಾಚಿದ. ಅದನ್ನೇ ಹಿಡಿದು ಕುಲುಕಿದೆ. ದೊಡ್ಡ ಸಾರ್ ಕೋಣೆಯಲ್ಲಿರಲಿಲ್ಲ. ಮೆಟ್ಟಿಲು ಇಳಿಯುವಾಗ ಈ ಕಟ್ಟಡದ ಮೆಟ್ಟಿಲು ಇಷ್ಟು ಕಡಿಮೆಯೇ ಅನ್ನಿಸಿತು. ಬರುವಾಗ ಪ್ರತಿದಿನ ಬೈದುಕೊಂಡು ಹತ್ತುತ್ತಿದ್ದೆ.

ಅಕ್ಕ ಮನೆಗೆ ಬಂದು ಮಲಗಿದ್ದಾಳೆ. ಅವಳ ಸೂಟ್‌ಕೇಸನ್ನು ನನ್ನ ಹಾಸಿಗೆಯ ಪಕ್ಕ ಇಟ್ಟಿದ್ದಾಳೆ, ನನ್ನ ಚೀಲದ ಜಿಪ್ ಹೋಗಿದೆಯೆಂದು. ಅದರಲ್ಲೇ ನನ್ನ ಬಟ್ಟೆ ತುಂಬಿಕೊಂಡೆ.

ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಡುತ್ತೇನೆ.